ಸುಮಿತ್ರಾಬಾಯಿಯ ಕಂಬಳಿ ನೇಮ

ಕಾಸಾರಶಿರಸಿಯ ಸಂತೆಗೆ ಎರಡು ಹರದಾರಿ ದೂರದ ಆ ಊರಿನಲ್ಲಿ ದೇವರು ಹೇಳಿದ್ದನ್ನು ಗುರುಬಸಯ್ಯನವರು ಜನರಿಗೆ ತಿಳಿಸುತ್ತಿದ್ದರು. ಜನರಿಗೆ ಬೇಕಾದದ್ದನ್ನು ಅವರ ಹೆಂಡತಿ ಸುಮಿತ್ರಾಬಾಯಿ ದೇವರಿಂದ ಹೇಳಿಸುತ್ತಿದ್ದಳು. ಹೀಗೆ ಇಬ್ಬರೂ ಸೇರಿ ಅರವತ್ತು ಲಿಂಗವಂತ ಮನೆಗಳನ್ನು ಮೂವತ್ತು ವರ್ಷ ಸಂಭಾಳಿಸಿದರು.

ಅಯ್ಯನವರು ಸಾತ್ವಿಕರು. ಕೂಸಿಗೆ ಲಿಂಗ ಕಟ್ಟುವುದು, ಮದುವೆಗೆ ಮುಹೂರ್ತ ತೆಗೆಯುವುದು, ಹೊಲಕ್ಕೆ ಕೂರಿಗೆ ಹೂಡುವ ದಿನ ಹೇಳುವುದು ಎಲ್ಲ ಅವರದೇ. ಯಾರು ಏನೇ ಕೇಳಲಿ, ಎಲೆಗೆ ಸುಣ್ಣ ಹಚ್ಚಿ ಮಡಚಿ ಬಾಯಿಗಿಟ್ಟು, ಅದು ಅರ್ಧ ಕರಗಿದ ಮೇಲೆಯೇ ಅವರ ಉತ್ತರ ಬರುತ್ತಿತ್ತು. ಬಂದ ಉತ್ತರ ಸುಳ್ಳಾಗಿರುತ್ತಿರಲಿಲ್ಲ. ಸುಳ್ಳು ಹೇಳುವ ಕೆಲಸ ಮನೆಯಲ್ಲಿ ಬೇರೆಯವರು ವಹಿಸಿಕೊಂಡಿದ್ದರಿಂದ ಅವರಿಗೆ ಅದರ ಅಗತ್ಯ ಬೀಳಲಿಲ್ಲವೆಂದೂ ಹೇಳಬಹುದು.

ಸುಮಿತ್ರಾಬಾಯಿ ಭಾಲ್ಕಿ ಕಡೆಯವಳು. ಅವಳ ತಂದೆ ಮರುಳಯ್ಯನಿಗೆ ಪುರಾಣ ಓದುವಾಗ ಎದುರಿಗೆ ಯಾರಾದರೂ ಕೂತು ಹೂಂಗುಟ್ಟಲೇಬೇಕು. ಗಂಡುಮಕ್ಕಳು ಓಡಿಹೋಗುತ್ತಿದ್ದರು, ಸುಮಿತ್ರಾ ಸಿಕ್ಕಿಬೀಳುತ್ತಿದ್ದಳು. ಎದುರಿಗೆ ಕೂತು ಹೂಂಗುಟ್ಟುತ್ತ ಹೂಂಗುಟ್ಟುತ್ತ ಅಕ್ಷರ ಕಲಿತಳು. ಆದರೆ ಕಲಿತದ್ದು ತಲೆಕೆಳಗಾಗಿ. ಪುಸ್ತಕ ನೆಟ್ಟಗೆ ಹಿಡಿದು ಓದುವುದು ಅವಳಿಗೆ ಬಂದದ್ದು ಮದುವೆಯಾದ ಎಷ್ಟೋ ವರ್ಷದ ಮೇಲೆ. ಅಯ್ಯನವರಿಗೆ ಐವತ್ತು ಮುಟ್ಟುವ ಹೊತ್ತಿಗೆ ಹತ್ತಿರದ ಅಕ್ಷರ ಇರುವೆ ಸಾಲಿನಂತೆ ಕಾಣತೊಡಗಿದಾಗ ಈ ವಿದ್ಯೆ ಉಪಯೋಗಕ್ಕೆ ಬಂತು. ಭಕ್ತರು ಬಂದು ಕೂತಾಗ ಅಯ್ಯನವರು ಪಂಚಾಂಗ ಬಿಚ್ಚಿ ಗಂಭೀರವಾಗಿ ನೋಡುವರು. ಎದುರಿಗೆ ಜೋಳ ಹಸನು ಮಾಡುತ್ತ ಕೂತ ಸುಮಿತ್ರಾಬಾಯಿ ತಲೆಕೆಳಗಿನಿಂದ ಓದಿ, ಒಳ್ಳೆಯ ದಿನವಿದ್ದರೆ ಮೊರ ಒಂದು ಸಲ ತಟ್ಟುವಳು. ಅವಳು ಮನೆಯಲ್ಲಿ ಇಲ್ಲದಾಗಿನ ಅನುಕೂಲಕ್ಕೆ ಕೆಟ್ಟ ದಿನಗಳ ಮೇಲೆಲ್ಲ ಮೊದಲೇ ಕುಂಕುಮದ ಬೊಟ್ಟು ಇಟ್ಟಿರುತ್ತಿದ್ದಳು. ಕೆಂಪು ಕಂಡರೆ ಬೇಡ, ಕಾಣದಿದ್ದರೆ ಆಗಲಿ. ಅಯ್ಯನವರ ಕಣ್ಣಿನ ಸಂಗತಿ ಊರಿಗೆ ತಿಳಿಯಲಿಲ್ಲ.

ಇದರ ಜೊತೆಗೆ ನೇಮ ಕೊಡುವ ಕಾರಭಾರವೂ ಅವಳ ಕೈಗೆ ಬಂತು. ಗುರುವಿನ ಮನೆಯಿಂದ ಬಂದ ನೇಮವನ್ನು ಆ ಕಡೆ ಯಾರೂ ಮುರಿಯುತ್ತಿರಲಿಲ್ಲ. ಹೆಂಗಸರು ಮುಂಜಾನೆ ವಿಭೂತಿಗೆಂದು ಬಂದು ಮನೆಯ ಗೋಳು ಹೇಳಿಕೊಳ್ಳುವರು. ಸುಮಿತ್ರಾಬಾಯಿ ಗೋಳಿನ ಅಳತೆ ನೋಡಿ ನೇಮ ಕೊಡುವಳು. ಬಾವಿಯ ದಂಡೆಯಲ್ಲಿ ಕೊಡ ಕೊಡ ತಾಗಿಸಿ ಜಗಳಾಡುವ ಇಬ್ಬರು ವಾರಗಿತ್ತಿಯರಿಗೆ ಸೋಮವಾರ ನೀರು ತರುವಾಗ ಬಾಯಲ್ಲಿ ಅಡಿಕೆ ಇಟ್ಟುಕೊಳ್ಳುವ ನೇಮ ಕೊಟ್ಟಿದ್ದಳು. ತುಪ್ಪದ ಗಡಿಗೆಗೆ ಕೀಲಿ ಹಾಕುವ ರೇವಣಪ್ಪನ ತಾಯಿಗೆ ತುಪ್ಪದ ದೀಪದ ನೇಮ. ದೀಪಕ್ಕೆ ಒಂದು ಚಮಚ, ಪ್ರಸಾದವೆಂದು ಮುದುಕಿಯ ರೊಟ್ಟಿಗೆ ಎರಡು. ಎಲ್ಲವೂ ಅಯ್ಯನವರ ಹೆಸರಿನಲ್ಲಿ. ಅಯ್ಯನವರಿಗೆ ಮಾತ್ರ ಇದೊಂದೂ ಗೊತ್ತಿರಲಿಲ್ಲ.

ಇಂಥವಳ ಕೈಗೆ ರಂಭಾಬಾಯಿಯ ಜೀವ ಬಂದು ಬಿತ್ತು.

ನಿಜಾಮನನ್ನು ಇಳಿಸಿದ ಪೊಲೀಸ್ ಆಕ್ಷನ್ ಆಗಿ ಒಂಬತ್ತು ವರ್ಷವಾಗಿತ್ತು. ಹೈದರಾಬಾದಿನ ಕಾಗದ ಹೋಗಿ ಮುಂಬಯಿಯ ಕಾಗದ ಬರತೊಡಗಿ, ಯಾವ ಅರ್ಜಿ ಯಾವ ಊರಿಗೆ ಕೊಡಬೇಕೆಂದು ಜನ ನಿಲಂಗಾಕ್ಕೂ ಉಮರ್ಗಾಕ್ಕೂ ಓಡಾಡುತ್ತಿದ್ದ ಕಾಲ. ಆ ಶ್ರಾವಣದಲ್ಲಿ ಮನ್ಮಥಪ್ಪನ ಹೆಂಡತಿ ರಂಭಾಬಾಯಿಗೆ ಐದನೆಯ ಬೇನೆ ಎದ್ದಿತು. ಹಿಂದಿನ ನಾಲ್ಕರಲ್ಲಿ ಉಳಿದವು ಎರಡು, ಒಂದು ಗಂಡು ಒಂದು ಹೆಣ್ಣು. ಈ ಸಲ ಎರಡು ಹಗಲು ಕಳೆದರೂ ಕೂಸು ಹೊರಬರಲಿಲ್ಲ. ಅವಳ ಅತ್ತೆ ಶೇವಂತಾಬಾಯಿಗೆ ಮೊಣಕಾಲು ಹಿಡಿದಿದ್ದರಿಂದ ಸುಮಿತ್ರಾಬಾಯಿಯೇ ಗಾಡಿ ಹತ್ತಿ, ರಂಭಾಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಮರ್ಗಾದ ದವಾಖಾನೆಗೆ ಹೋದಳು. ಕೂಸು ಉಳಿಯಿತು, ಹೆಣ್ಣು. ತಾಯಿಯೂ ಉಳಿದಳು, ಆದರೆ ಬೆಳ್ಳಗೆ ಸುಣ್ಣದ ಗೋಡೆಯಂತೆ ಆಗಿದ್ದಳು.

ಏಳನೆಯ ದಿನ ಡಾಕ್ಟರಬಾಯಿ ಮನ್ಮಥಪ್ಪನನ್ನು ಕರೆಸಿ ಎದುರಿಗೆ ನಿಲ್ಲಿಸಿಕೊಂಡು ಮರಾಠಿಯಲ್ಲಿ ಕಡ್ಡಿ ಮುರಿದಂತೆ ಹೇಳಿದಳು. ಇನ್ನೊಂದು ಬಾಣಂತನವಾದರೆ ಈಕೆ ಬದುಕುವುದಿಲ್ಲ. ಬೇಕಾದರೆ ಸೋಲಾಪುರಕ್ಕೆ ಹೋಗಿ ಮಕ್ಕಳಾಗದ ಹಾಗೆ ಆಪರೇಶನ್ ಮಾಡಿಸಬಹುದು. ಇಲ್ಲವೆಂದರೆ ಗಂಡಸು ಉಪಯೋಗಿಸುವ ರಬ್ಬರಿನ ವಸ್ತು ಇದೆ. ಮನ್ಮಥಪ್ಪ ಎಲ್ಲದಕ್ಕೂ ಹೂಂ ಅಂದ. ಕಂಪೌಂಡರು ಆ ವಸ್ತುವನ್ನು ವರ್ತಮಾನ ಪತ್ರಿಕೆಯಲ್ಲಿ ಕಟ್ಟಿ ಕೈಗೆ ಕೊಟ್ಟ. ಬಸ್ಸಿನಲ್ಲಿ ಪಕ್ಕದವನೊಬ್ಬ ಪುಡಿಕೆ ನೋಡಿ ಕರಿದ ತಿಂಡಿಯೆಂದುಕೊಂಡು, ಫರಸಾಣ ಏನ್ರೀ ಎಂದು ಕೈ ಚಾಚಿದ. ಮನ್ಮಥಪ್ಪ ಪುಡಿಕೆಯನ್ನು ತೊಡೆಯ ಕೆಳಗೆ ಸೇರಿಸಿದ. ಇಳಿಯುವಾಗ ಪುಡಿಕೆಯನ್ನು ಸೀಟಿನ ಮೇಲೆಯೇ ಬಿಟ್ಟು ಇಳಿದ. ಅದು ಮುಂದೆ ಯಾರ ಮನೆಗೆ ಫರಸಾಣವಾಗಿ ಹೋಯಿತೋ ತಿಳಿಯದು.

ಆಪರೇಶನ್ನಿನ ಮಾತನ್ನು ಶೇವಂತಾಬಾಯಿ ಬಾಗಿಲಲ್ಲೇ ತಡೆದಳು. ಲಿಂಗ ಕಟ್ಟಿದ ಮೈಯ ಹೊಟ್ಟೆ ಕೊಯ್ಯಿಸುವುದೇ, ಒಂದು ತಿಂಗಳು ಸೋಲಾಪುರದಲ್ಲಿ ಬಿದ್ದರೆ ಹೊಲದ ಕಳೆ ಯಾರು ತೆಗೆಯುವುದು, ಒಬ್ಬ ಮೊಮ್ಮಗನಿಗೆ ಒಬ್ಬ ತಮ್ಮ ಬೇಡವೇ ಎಂದಳು. ಮನ್ಮಥಪ್ಪ ಅದಕ್ಕೂ ಹೂಂ ಅಂದ.

ಇನ್ನು ಉಳಿದದ್ದು ಡಾಕ್ಟರಬಾಯಿ ಸುಮಿತ್ರಾಬಾಯಿಗೆ ಬೆರಳು ಮಡಚಿ ತೋರಿಸಿದ ಲೆಕ್ಕ. ಮುಟ್ಟಾದ ಮೊದಲ ದಿನದಿಂದ ಎಣಿಸಬೇಕು. ಒಂಬತ್ತು ದಿನ ಹೆಚ್ಚು ಚಿಂತೆ ಇಲ್ಲ. ಹತ್ತರಿಂದ ಇಪ್ಪತ್ತರ ತನಕ ಹನ್ನೊಂದು ದಿನ ಗಂಡ ಹೆಂಡತಿ ದೂರ ಇರಬೇಕು. ಆಮೇಲೆ ಮತ್ತೆ ಚಿಂತೆ ಇಲ್ಲ. ಇದು ಪಕ್ಕಾ ಅಲ್ಲ, ತಪ್ಪುವುದೂ ಉಂಟು, ಏನೂ ಇಲ್ಲದ್ದಕ್ಕಿಂತ ಮೇಲು ಅಷ್ಟೇ ಎಂದು ಅವಳು ಮೂರು ಸಲ ಹೇಳಿದ್ದಳು.

ಲೆಕ್ಕ ಸುಲಭ, ಮನೆ ಕಠಿಣ. ಆ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಶೇವಂತಾಬಾಯಿ ಎಲ್ಲರ ಹಾಸಿಗೆ ತಾನೇ ಹಾಸುತ್ತಿದ್ದಳು. ಯಾರ ಹಾಸಿಗೆ ಪಡಸಾಲೆಯಲ್ಲಿ, ಯಾರದು ಒಳಕೋಣೆಯಲ್ಲಿ ಎಂಬುದು ಅವಳ ಕಾಯಿದೆ. ಸೊಸೆ ಅದನ್ನು ಎತ್ತಿ ಬೇರೆ ಕಡೆ ಹಾಸಿಕೊಳ್ಳುವಂತಿಲ್ಲ. ಮಗ ಆ ವಿಷಯದಲ್ಲಿ ತಾಯಿಯ ಮುಂದೆ ಬಾಯಿ ಬಿಡುವಂತಿಲ್ಲ. ಬಿಟ್ಟರೆ ಊರು ನಗುತ್ತದೆ. ಬಾಣಂತನ ಮುಗಿದು ಆರು ತಿಂಗಳಾಗಿ, ತಿಂಗಳು ಮತ್ತೆ ಬರತೊಡಗಿ, ಮಾಘದ ಒಂದು ಮುಂಜಾನೆ ರಂಭಾಬಾಯಿ ವಿಭೂತಿಗೆಂದು ಬಂದವಳು ಹೊಸ್ತಿಲಲ್ಲೇ ಕೂತುಬಿಟ್ಟಳು.

"ಅಮ್ನೋರ, ಅತ್ಯಾ ನನ್ನ ಹಾಸಗಿ ಒಳಗ ಹಾಕ್ಯಾರ್ರಿ."

"ಮನ್ಮಥಪ್ಪ ಏನಂತಾನ?"

"ಅಂವಾ ಏನಂತಾನ್ರೀ. ಡಾಕ್ಟರಬಾಯಿ ಮುಂದೂ ಹೂಂ ಅಂದಾನ, ಅವ್ವನ ಮುಂದೂ ಹೂಂ ಅಂದಾನ. ನಾ ಸತ್ತಾಗ ಮಣ್ಣಿಗಿ ಬರ್ರಿ ಅಂದ್ರೂ ಹೂಂ ಅಂತಾನ."

ಸುಮಿತ್ರಾಬಾಯಿ ನಕ್ಕಳು. ಆದರೆ ಈ ಹುಡುಗಿಯ ತಲೆ ಉಮರ್ಗಾದ ಗಾಡಿಯಲ್ಲಿ ತನ್ನ ತೊಡೆಯ ಮೇಲೆ ಎಷ್ಟು ಭಾರವಾಗಿತ್ತೆಂದು ಅವಳಿಗೆ ನೆನಪಿತ್ತು. ಮೊದಲ ದಿನ ಯಾವುದೆಂದು ಕೇಳಿದಳು. ಬೇರೆಯವರ ಮನೆಯಲ್ಲಾದರೆ ಮುಟ್ಟಾದ ಹೆಂಗಸು ಮೂರು ದಿನ ಹೊರಗೆ ಕೂರುತ್ತಾಳೆ, ದಿನ ಊರಿಗೆಲ್ಲ ಗೊತ್ತು. ಲಿಂಗವಂತರಲ್ಲಿ ಸೂತಕವಿಲ್ಲ, ಎಂದಿನ ಹಾಗೆ ಅಡಿಗೆ, ಎಂದಿನ ಹಾಗೆ ಪೂಜೆ. ಹಾಗಾಗಿ ಸೊಸೆಯ ದಿನ ಅತ್ತೆಗೂ ತಿಳಿಯುತ್ತಿರಲಿಲ್ಲ. ಅದೇ ಒಳ್ಳೆಯದಾಯಿತು ಎಂದುಕೊಂಡಳು ಸುಮಿತ್ರಾಬಾಯಿ. ಪಂಚಾಂಗವನ್ನು ಬಗಲಲ್ಲಿಟ್ಟುಕೊಂಡು ಸೋಮವಾರ ನೆಟ್ಟಗೆ ಶೇವಂತಾಬಾಯಿಯ ಪಡಸಾಲೆಗೆ ಹೋದಳು.

"ಶೇವಂತಾಬಾಯಿ, ಉಮರ್ಗಾದಾಗ ರಂಭಾ ಬಾಳ ಅವಘಡದಾಗ ಇದ್ಳು. ಉಳದ್ರ ಕಂಬಳಿ ನೇಮ ಮಾಡಸ್ತೀನಂತ ಬೇಡ್ಕೊಂಡೀನಿ. ಅದು ಹಂಗೇ ಉಳದದ."

"ಕಂಬಳಿ ನೇಮ? ನಮ್ಮತ್ತಿ ಎಂದೂ ಈ ಹೆಸರ ಹೇಳಿಲ್ಲ."

"ನಿಮ್ಮತ್ತಿಗಿ ಉಮರ್ಗಾಕ್ಕ ಯಾರು ಒಯ್ದಿದ್ರು?"

ಸುಮಿತ್ರಾಬಾಯಿ ವಿಧಿ ಹೇಳಿದಳು. ತಿಂಗಳಿಗೆ ಹನ್ನೊಂದು ದಿನ. ದೇವರ ಮನೆಯಲ್ಲಿ ಕರೀ ಕಂಬಳಿಯ ಮೇಲೆ ಒಬ್ಬಳೇ ಮಲಗಬೇಕು. ಇಷ್ಟೇ ಹೇಳಬೇಕೆಂದು ಮನೆಯಿಂದ ಹೊರಟಿದ್ದಳು. ಆದರೆ ಅಲ್ಲಿ ಬೀಸುಕಲ್ಲಿನ ಮುಂದೆ ಕೂತ ರಂಭಾಳ ಮುಂಗೈ ಕಣ್ಣಿಗೆ ಬಿತ್ತು, ಬಳೆ ಮೊಣಕೈ ತನಕ ಜಾರುತ್ತಿತ್ತು. ನಾಲಿಗೆ ತಾನೇ ಮುಂದಕ್ಕೆ ಹೋಯಿತು. ಆ ಹನ್ನೊಂದು ದಿನ ಬೀಸುಕಲ್ಲು ಮುಟ್ಟಬಾರದು. ದಿನಾ ಊಟಕ್ಕೆ ಒಂದು ಸೌಟು ತುಪ್ಪ ಬೀಳಬೇಕು. ನಸುಕಿನ ನೀರು ಗಂಡನೇ ತರಬೇಕು.

"ಗಂಡ ಯಾಕ ತರಬೇಕು?"

"ನೇಮ ಮನಿದು, ಆಕಿ ಒಬ್ಬಾಕಿದಲ್ಲ."

"ಎಷ್ಟ್ ತಿಂಗಳು?"

"ನೇಮ ಇಳಸೂದು ಅಯ್ನೋರ ಕೈಯಾಗ ಅದ."

ಶೇವಂತಾಬಾಯಿ ಜಾಣೆ. ಬೆರಳು ಮಡಚಿ ಎಣಿಸಿದಳು. ಮೂವತ್ತರಲ್ಲಿ ಹನ್ನೊಂದು ಹೋದರೆ ಹತ್ತೊಂಬತ್ತು ಉಳಿಯುತ್ತವೆ. ಮೊಮ್ಮಗನಿಗೆ ಅಷ್ಟು ಸಾಕು. ದೇವರಿಗೂ ಆಯಿತು, ಮನೆಗೂ ಆಯಿತು ಎಂದು ಒಪ್ಪಿಕೊಂಡಳು. ಅಂದಿನಿಂದ ಸುಮಿತ್ರಾಬಾಯಿ ಹೇಳಿಕಳಿಸಿದ ದಿನ ಸಂಜೆ ತಾನೇ ದೇವರ ಮನೆಯಲ್ಲಿ ಕಂಬಳಿ ಹಾಸುವಳು, ತುಪ್ಪದ ಸೌಟನ್ನು ಮಾತ್ರ ತುಸು ಸಣ್ಣದು ಹುಡುಕಿಕೊಂಡಿದ್ದಳು.

ದಿನಗಳು ಮರೆಯಬಾರದೆಂದು ಸುಮಿತ್ರಾಬಾಯಿ ಪಂಚಾಂಗದಲ್ಲಿ ಗುರುತು ಹಾಕಿದಳು. ಕುಂಕುಮ ಕೆಟ್ಟ ದಿನಗಳಿಗೆ ಮೀಸಲು, ಆದ್ದರಿಂದ ರಂಭಾಳಿಗೆ ಅರಿಷಿಣ. ಹನ್ನೊಂದು ದಿನಕ್ಕೆ ಹನ್ನೊಂದು ಹಳದಿ ಬೊಟ್ಟು, ಪಕ್ಕದಲ್ಲಿ ಹೆಸರಿನ ಮೊದಲ ಅಕ್ಷರ. ಆ ಅಗ್ಗದ ಹಳದಿ ಕಾಗದದ ಮೇಲೆ ಅಯ್ಯನವರ ಕಣ್ಣಿಗೆ ಅದು ಬೀಳುವಂತಿರಲಿಲ್ಲ.

ಒಬ್ಬಳೇ ಆಗಿದ್ದರೆ ಅದು ಹಾಗೇ ನಡೆಯುತ್ತಿತ್ತೇನೋ. ಆದರೆ ಮನ್ಮಥಪ್ಪ ನಸುಕಿನಲ್ಲಿ ಕೊಡ ಹೊತ್ತು ಬಾವಿಗೆ ಬಂದದ್ದನ್ನು ಹೆಂಗಸರು ಕಂಡರು. ಎಂಥ ನೇಮ, ಯಾರಿಗೆ ಕೊಡುತ್ತಾರೆ ಎಂದು ವಿಭೂತಿಯ ಗಿರಾಕಿ ಹೆಚ್ಚಿತು. ಎರಡು ವರ್ಷಕ್ಕೆ ಮೂರು ಹೆತ್ತ ರೇವಣಪ್ಪನ ಹೆಂಡತಿ ಬಂದಳು. ನೇಮ ಯಾತಕ್ಕೆಂದು ಅವಳಿಗೆ ಬಿಡಿಸಿ ಹೇಳುವುದೇ ಬೇಕಾಗಲಿಲ್ಲ, ಕಣ್ಣಲ್ಲೇ ತಿಳಿಯಿತು. ಪಾಟೀಲಕಿಯ ಮಾಣಿಕಪ್ಪನ ಹೆಂಡತಿ ಬಂದಳು. ದೊಡ್ಡ ಮಗಳ ಮದುವೆ ಹತ್ತಿರ ಬಂದಿರುವಾಗ ತಾನು ಹೊಟ್ಟೆ ಹೊತ್ತು ಬೀಗರ ಮುಂದೆ ಹೇಗೆ ನಿಲ್ಲಲಿ ಎಂದಳು. ಕೆಲವರು ತುಪ್ಪಕ್ಕಾಗಿಯೇ ಬಂದರು. ಬಕ್ಕಪ್ಪನ ಹೆಂಡತಿಯೂ ಬಂದು ಸೆರಗೊಡ್ಡಿದಾಗ ಸುಮಿತ್ರಾಬಾಯಿಗೆ ನಗು ತಡೆಯಲಾಗಲಿಲ್ಲ.

"ನಿನಗ್ಯಾಕ ಬೇಕ ಯವ್ವಾ? ನಿನ್ನ ತಿಂಗಳು ನಿಂತು ಆರು ವರ್ಷ ಆತು."

"ತಿಂಗಳು ನಿಂತದ್ರಿ, ಬೀಸೂದು ನಿಂತಿಲ್ಲ."

ಅವಳಿಗೂ ಕೊಟ್ಟಳು. ಹನ್ನೊಂದು ದಿನ ಯಾವುದಾದರೂ ಆರಿಸಿಕೋ ಎಂದಳು.

ಯುಗಾದಿಯ ಹೊತ್ತಿಗೆ ಒಂಬತ್ತು ಮನೆಯಲ್ಲಿ ಕಂಬಳಿ ಬಿದ್ದಿತ್ತು. ಕಾಸಾರಶಿರಸಿಯ ಸಂತೆಯಲ್ಲಿ ಕಂಬಳಿ ಮಾರುವವರು ಬೇಸಿಗೆಯಲ್ಲಿ ಇದೇನು ಚಳಿ ಬಂತೆಂದು ಕೇಳುತ್ತಿದ್ದರು. ಹೊಸ ಪಂಚಾಂಗ ಬಂದ ಕೂಡಲೇ ಸುಮಿತ್ರಾಬಾಯಿ ಚೈತ್ರದ ಜೊತೆಗೆ ವೈಶಾಖ ಜ್ಯೇಷ್ಠಗಳ ಗುರುತನ್ನೂ ಮುಂಗಡವಾಗಿಯೇ ಹಾಕಿದಳು. ಒಂಬತ್ತು ಮಂದಿಯ ಹನ್ನೊಂದು ಹನ್ನೊಂದು ದಿನ ಒಂದರ ಮೇಲೊಂದು ಬಿದ್ದು ಹಾಳೆ ಅರಿಷಿಣದ ಶಾಸ್ತ್ರಕ್ಕೆ ಕೂತ ಮದುಮಗಳಂತೆ ಆಯಿತು. ಆಮೇಲೆ ಮಗಳು ಗಿರಿಜಾಬಾಯಿಯ ಮನೆಯ ತೊಟ್ಟಿಲ ಕಾರ್ಯಕ್ಕೆಂದು ಐದು ದಿನ ಉದಗೀರಕ್ಕೆ ಹೋದಳು.

ಅವಳು ಅತ್ತ ಹೋದದ್ದೇ ಇತ್ತ ಮಾಣಿಕಪ್ಪ ಮಗಳ ಮದುವೆಗೆ ಮುಹೂರ್ತ ಕೇಳಲು ಬಂದ. ಅಯ್ಯನವರು ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟು, ಅದೇ ಬೆರಳಿಗೆ ಎಂಜಲು ಸವರಿ ಹಾಳೆ ತಿರುವಿದರು. ವೈಶಾಖದಲ್ಲಿ ಕೆಂಪು ಬಹಳ ಇರಲಿಲ್ಲ. ಸರಿಯಾಗಿ ನೋಡೋಣವೆಂದು ಸಾಲು ಸಾಲಿನ ಮೇಲೆ ಬೆರಳಾಡಿಸಿದರು. ಅರಿಷಿಣಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆಂದು ಅಡಿಗೆಮನೆ ಕಂಡ ಯಾರಿಗೂ ಗೊತ್ತು. ಅಯ್ಯನವರು ಅಡಿಗೆಮನೆ ಕಂಡವರಲ್ಲ. ಎರಡನೆಯ ಸಲ ನೋಡುವಾಗ ಅವರಿಗೆ ವೈಶಾಖ ಶುದ್ಧ ಪಂಚಮಿ ಕೆಂಪಗೆ ಕಂಡಿತು. ಆಗಲೇ ಇರಲಿಲ್ಲವಲ್ಲ ಎಂದು ಕಣ್ಣುಜ್ಜಿ, ಮತ್ತೊಂದು ಎಲೆ ಹಾಕಿಕೊಂಡು, ಮತ್ತೆ ಬೆರಳಾಡಿಸಿದರು. ಷಷ್ಠಿ ಕೆಂಪಾಯಿತು, ಸಪ್ತಮಿ ಕೆಂಪಾಯಿತು. ನೋಡಿದಷ್ಟೂ ದಿನ ಕೆಡುತ್ತ ಹೋಯಿತು. ಹಾಳೆ ತಿರುವಿ ಜ್ಯೇಷ್ಠಕ್ಕೆ ಹೋದರೆ ಅಲ್ಲಿಯೂ ಅದೇ ಗತಿ. ಇಂಥ ಅಶುಭ ವರ್ಷವನ್ನು ಅವರ ಅಪ್ಪನೂ ಕಂಡಿರಲಿಲ್ಲ. ಪಂಚಾಂಗ ಮುಚ್ಚಿಟ್ಟು, ಆಷಾಢದ ತನಕ ಒಂದು ದಿನವೂ ಇಲ್ಲ ಎಂದು ಹೇಳಿ, ಲೋಕಕ್ಕೆ ಒಳ್ಳೆಯದಾಗಲೆಂದು ಆ ದಿನ ಊಟ ಬಿಟ್ಟರು.

ಮಾಣಿಕಪ್ಪ ನಿಲಂಗಾದ ಬೀಗರ ಮನೆಗೆ ಹೋಗಿ ಮೋರೆ ಸಣ್ಣದು ಮಾಡಿ ಕೂತ. ಬೀಗರ ಅಯ್ಯನವರು ಸೋಲಾಪುರದಲ್ಲಿ ಅಚ್ಚಾದ ಅದೇ ಪಂಚಾಂಗ ತೆಗೆದು, ವೈಶಾಖ ಒಂದರಲ್ಲೇ ಆರು ಮುಹೂರ್ತ ಎಣಿಸಿ ಕೊಟ್ಟರು. ಮಾಣಿಕಪ್ಪ ಆ ಪಂಚಾಂಗವನ್ನು ಕೇಳಿ ಇಸಿದುಕೊಂಡು ಬಂದ.

ಸುಮಿತ್ರಾಬಾಯಿ ಉದಗೀರದಿಂದ ಬಂದು ಗಂಟು ಕೆಳಗಿಡುವಾಗ ಮಧ್ಯಾಹ್ನ ಇಳಿಯುತ್ತಿತ್ತು. ಮನೆಯ ಮುಂದಿನ ಮಠದ ಕಟ್ಟೆ ತುಂಬ ಜನ. ನಡುವೆ ಎರಡು ಪಂಚಾಂಗ ಪಕ್ಕಪಕ್ಕದಲ್ಲಿ ಬಿಚ್ಚಿದ್ದವು, ಒಂದು ಸ್ವಚ್ಛ, ಇನ್ನೊಂದು ಓಕುಳಿ ಆಡಿದಂತೆ. ದೂರದಿಂದ ನೋಡಿಯೇ ಅವಳಿಗೆ ಸುಣ್ಣದ ಬೆರಳಿನ ಕಥೆ ತಿಳಿಯಿತು. ಮಾಣಿಕಪ್ಪ ಆಗಲೇ ಅಕ್ಷರಗಳನ್ನು ಕಂಡುಹಿಡಿದಿದ್ದ. ತನ್ನ ಹೆಂಡತಿಯ ಹೆಸರಿನ ಅಕ್ಷರದ ಪಕ್ಕ ಹನ್ನೊಂದು ಬೊಟ್ಟು. ಈ ಚೈತ್ರದ ಆ ಹನ್ನೊಂದು ದಿನ ತಾನು ಎಲ್ಲಿ ಮಲಗಿದ್ದೆನೆಂದು ಅವನಿಗೆ ಚೆನ್ನಾಗಿ ನೆನಪಿತ್ತು. ರೇವಣಪ್ಪ ಬಗ್ಗಿ ತನ್ನ ಮನೆಯ ಅಕ್ಷರ ಹುಡುಕುತ್ತಿದ್ದ. ತಿಥಿಯಿಂದ ನಡೆಯುವ ನೇಮವಾದರೆ ಎಲ್ಲರಿಗೂ ಒಂದೇ ದಿನ ಬರಬೇಕಲ್ಲ, ಇವನ ಮನೆಗೆ ಪಾಡ್ಯಕ್ಕೆ ನನ್ನ ಮನೆಗೆ ನವಮಿಗೆ ಯಾಕೆ ಎಂಬುದು ಮಾಣಿಕಪ್ಪನ ಪ್ರಶ್ನೆ. ಗಂಡಸರೆಲ್ಲ ತಲೆಯಾಡಿಸಿದರು. ನಸುಕಿನಲ್ಲಿ ನೀರು ಹೊತ್ತ ಹೆಗಲು ಎಲ್ಲರವೂ ನೋಯುತ್ತಿದ್ದವು.

ಇವರು ಯಾರನ್ನೂ ಸುಮಿತ್ರಾಬಾಯಿ ಲೆಕ್ಕಕ್ಕೆ ಇಟ್ಟಿರಲಿಲ್ಲ. ಅವಳಿಗೆ ಹೆದರಿಕೆ ಆದದ್ದು ಕಂಬದ ಹತ್ತಿರ ಕೋಲೂರಿ ನಿಂತಿದ್ದ ಶೇವಂತಾಬಾಯಿಯನ್ನು ಕಂಡು. ಅವಳ ಹಿಂದೆ ಕೂಸನ್ನು ಎತ್ತಿಕೊಂಡು ರಂಭಾ.

"ಅಯ್ನೋರು ಬಾಯಿ ಬಿಟ್ಟು ಹೇಳ್ಲಿ," ಎಂದಳು ಶೇವಂತಾಬಾಯಿ. "ಈ ನೇಮ ಅದನೋ ಇಲ್ಲೋ. ಇಲ್ಲಂದ್ರ ಇವತ್ತ ಸಂಜಿಗೇ ಕಂಬಳಿ ಮಡಚಿ ಇಡ್ತೀನಿ."

ಸುಮಿತ್ರಾಬಾಯಿ ಮನಸ್ಸಿನಲ್ಲೇ ಎಣಿಸಿದಳು. ಆ ದಿನ ರಂಭಾಳ ಹದಿನಾಲ್ಕನೆಯ ದಿನ. ಇದಕ್ಕಿಂತ ಕೆಟ್ಟ ದಿನ ಯಾವ ಪಂಚಾಂಗದಲ್ಲಿಯೂ ಇರಲಿಲ್ಲ.

ಅಯ್ಯನವರು ಎಲೆ ಬಾಯಿಗಿಟ್ಟರು. ಕಟ್ಟೆಯೆಲ್ಲ ಆ ಎಲೆ ಕರಗುವುದನ್ನು ಕಾಯಿತು. ಆಮೇಲೆ ಅವರು ಹೆಂಡತಿಯ ಕಡೆ ತಿರುಗಿದರು.

"ಗಿರಿಜಾನ ಅವ್ವ, ಈ ನೇಮ ನಾ ಯಾವಾಗರ ಯಾರಿಗರ ಕೊಟ್ಟೀನಿ?"

ಸುಮಿತ್ರಾಬಾಯಿಯ ಬಾಯಲ್ಲಿ ಐದಾರು ಸುಳ್ಳು ಒಮ್ಮೆಗೇ ತಯಾರಾದವು. ಆದರೆ ಎದುರಿಗೆ ಕೂತವರು ಭಕ್ತರಾಗಿದ್ದರೆ ಒಂದು ಮಾತು, ಕೇಳಿದವರು ಗಂಡ. ಮೂವತ್ತು ವರ್ಷದಲ್ಲಿ ಆ ಮನುಷ್ಯನಿಗೆ ಮುಚ್ಚಿಟ್ಟದ್ದು ಬಹಳ, ಎದುರು ನಿಂತು ಸುಳ್ಳು ಹೇಳಿದ್ದು ಇಲ್ಲ.

"ಇಲ್ರಿ. ನಾ ಕೊಟ್ಟೀನಿ, ನಿಮ್ಮ ಹೆಸರಮ್ಯಾಲ. ಇನ್ನೊಂದು ಬಾಣಂತನ ಆದ್ರ ರಂಭಾ ಉಳ್ಯಾಂಗಿಲ್ಲಂತ ಡಾಕ್ಟರಬಾಯಿ ಹೇಳ್ಯಾಳ. ಆ ಹನ್ನೊಂದು ದಿನ ಆಕಿಗಿ ಧೋಕಾದ ದಿನ. ಅದಕ್ಕ ಕಂಬಳಿ ಹಾಸಿಸೀನಿ. ಉಳದವ್ರೂ ಬೇಡ್ಕೊಂಡ್ರು, ಅವ್ರಿಗೂ ಕೊಟ್ಟೆ."

ಗಂಡಸರು ನೆಲ ನೋಡಿದರು. ಇಂಥ ಮಾತು ಕಟ್ಟೆಯ ಮೇಲೆ ಯಾವ ಹೆಂಗಸೂ ಆಡಿರಲಿಲ್ಲ. ಶೇವಂತಾಬಾಯಿ ಮಾತ್ರ ಕೋಲು ಕುಟ್ಟುತ್ತ ಎರಡು ಹೆಜ್ಜೆ ಮುಂದೆ ಬಂದಳು. ಈಗ ಬಯ್ಯುತ್ತಾಳೆ ಎಂದು ಸುಮಿತ್ರಾಬಾಯಿ ಸೆರಗು ಬಿಗಿ ಮಾಡಿಕೊಂಡಳು. ಆದರೆ ಮುದುಕಿ ಅವಳ ಕಡೆ ನೋಡಲೇ ಇಲ್ಲ. ಜನರ ಹಿಂದೆ ಅರ್ಧ ಅಡಗಿದ್ದ ಮಗನ ಕಡೆ ನೋಡುತ್ತಿದ್ದಳು.

"ಉಳ್ಯಾಂಗಿಲ್ಲಂತ ಹೇಳ್ಯಾಳೇನೋ?"

"ಹೂಂ," ಎಂದ ಮನ್ಮಥಪ್ಪ.

"ಹೂಂ ಅಂದ್ರ?"

ಮನ್ಮಥಪ್ಪ ಕೈಯಲ್ಲಿದ್ದ ರುಮಾಲನ್ನು ಹಿಂಡಿದ. "ಸಾಯ್ತಾಳಂತ ಹೇಳ್ಯಾಳ್ಯವ್ವ. ನನ್ನ ಮುಂದ ಹೇಳ್ಯಾಳ. ನಿನಗ ಹ್ಯಾಂಗ ಹೇಳಬೇಕಂತ ತಿಳೀಲಿಲ್ಲ."

ಸುಮಿತ್ರಾಬಾಯಿ ಕಂಬಕ್ಕೆ ಒರಗಿದಳು. ಮುದುಕಿಗೆ ಎಲ್ಲ ಗೊತ್ತಿದ್ದೂ ಮೊಮ್ಮಗನಿಗಾಗಿ ಹಟ ಹಿಡಿದಿದ್ದಾಳೆ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಮಗ ಬಂದು ಹೇಳಿದ್ದು ಹೊಟ್ಟೆ ಕೊಯ್ಯುವ ಮಾತು ಅಷ್ಟೇ. ಯಾಕೆ ಕೊಯ್ಯಬೇಕೆಂದು ಹೇಳಿರಲಿಲ್ಲ. ಒಬ್ಬ ಗಂಡಸಿಗೆ ತಾಯಿಯ ಮುಂದೆ ಒಂದು ಮಾತು ಆಡಲು ನಾಚಿಕೆಯಾದದ್ದಕ್ಕೆ ಇಡೀ ಊರು ಮೂರು ತಿಂಗಳು ಕಂಬಳಿಯ ಮೇಲೆ ಮಲಗಿತ್ತು.

ಶೇವಂತಾಬಾಯಿ ಕೋಲನ್ನು ಬಗಲಿಗೆ ಸಿಕ್ಕಿಸಿಕೊಂಡಳು. ಆಮೇಲೆ ಸೊಸೆಯ ಕೈಯಿಂದ ಕೂಸನ್ನು ತಾನು ಇಸಿದುಕೊಂಡು, ನೀ ಕುಂದ್ರು ಎಂದಳು. ಅತ್ತೆ ನಿಂತಿರುವಾಗ ಅಷ್ಟು ಜನರ ಮುಂದೆ ಸೊಸೆ ಕೂತದ್ದು ಆ ಊರಲ್ಲಿ ಅದೇ ಮೊದಲು.

ಅಯ್ಯನವರು ಎಲೆ ಉಗುಳಿ ಬಾಯಿ ಮುಕ್ಕಳಿಸಿ ಬಂದರು. "ಈ ನೇಮ ನಾ ಯಾರಿಗೂ ಕೊಟ್ಟಿದ್ದಿಲ್ಲ," ಎಂದರು. ಮಾಣಿಕಪ್ಪ ಗೆದ್ದವನಂತೆ ಎದ್ದ. "ಇವತ್ತ ಕೊಡ್ತೀನಿ," ಎಂದರು ಅಯ್ಯನವರು. ಮಾಣಿಕಪ್ಪ ಕೂತ.

"ಎಲ್ಲಾರಿಗೂ ಏನ್ರಿ?" ಎಂದು ರೇವಣಪ್ಪ ಸಣ್ಣ ದನಿಯಲ್ಲಿ ಕೇಳಿದ.

"ಬೇಡಿದ ಹೆಂಗಸಿಗಿ. ತುಪ್ಪ, ನೀರು ಎಲ್ಲಾ ಇದ್ದಂಗೇ."

ತುಪ್ಪದ ಮಾತು ಶಾಸ್ತ್ರದಲ್ಲಿ ಎಲ್ಲಿದೆ ಎಂದು ಕೇಳುವ ಧೈರ್ಯ ರೇವಣಪ್ಪನಿಗೆ ಆಗಲಿಲ್ಲ.

ಆ ನೇಮ ಆ ಊರಲ್ಲಿ ಹತ್ತು ಹದಿನೈದು ವರ್ಷ ನಡೆಯಿತು. ಡಾಕ್ಟರಬಾಯಿ ಹೇಳಿದಂತೆ ಲೆಕ್ಕ ತಪ್ಪಿದ್ದೂ ಉಂಟು. ರೇವಣಪ್ಪನ ಹೆಂಡತಿ ಒಂದು ದಿನವೂ ಬಿಡದೆ ನೇಮ ಮಾಡಿಯೂ ಮರುವರ್ಷ ಹೆತ್ತಳು. ಆ ಹುಡುಗನಿಗೆ ಹೆಸರು ವೀರಭದ್ರ ಎಂದಿದ್ದರೂ ಊರೆಲ್ಲ ಕಂಬಳೆಪ್ಪ ಎಂದೇ ಕರೆಯಿತು. ರಂಭಾಬಾಯಿಗೆ ಮಾತ್ರ ಆರನೆಯ ಬಾಣಂತನ ಬರಲಿಲ್ಲ. ಮೂರು ಮಕ್ಕಳ ಮದುವೆ ಮಾಡಿ, ಸೊಸೆಯ ಮೇಲೆ ಒದರಾಡುವಷ್ಟು ಗಟ್ಟಿಯಾಗಿ ಉಳಿದಳು. ಸುಮಿತ್ರಾಬಾಯಿ ಮಾತ್ರ ಆಮೇಲೆ ಗುರುತು ಹಾಕಲು ಬೇರೆಯೇ ಒಂದು ವಹಿ ಪುಸ್ತಕ ಇಟ್ಟಳು.

ಅದೆಲ್ಲ ಮುಂದಿನ ಮಾತು. ಕಟ್ಟೆಯ ಪಂಚಾಯಿತಿಯಾಗಿ ಹತ್ತು ದಿನಕ್ಕೆ ರಂಭಾ ಮತ್ತೆ ವಿಭೂತಿಗೆ ಬಂದಳು. ಒಳಗೂ ಬಾರದೆ ಹೊರಗೂ ಹೋಗದೆ, ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಅತ್ತೆಯ ಕಾಟವೇ ಎಂದು ಸುಮಿತ್ರಾಬಾಯಿ ಕೇಳಿದಳು. ಅಲ್ಲ, ಅತ್ತೆ ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಾಳೆ ಎಂದಳು. ತುಪ್ಪದ ಸೌಟು ಈಗ ದೊಡ್ಡದು. ಬೀಸುಕಲ್ಲು ತಾನೇ ಬೀಸುತ್ತಾಳೆ. ಮತ್ತೇನು ಎಂದರೆ ಮುಖ ಕೆಂಪಗೆ ಮಾಡಿಕೊಂಡಳು.

"ನೇಮ ಮುಗದು ನಾಲ್ಕು ದಿನ ಆತ್ರಿ. ಅತ್ಯಾ ಕಂಬಳಿ ತೆಗೀವಲ್ರು. ನನ್ನ ಗಂಡನ ಹಾಸಗಿ ಒಯ್ದು ದನದ ಕೊಟ್ಟಗ್ಯಾಗ ಹಾಸ್ಯಾರ. ಹನ್ನೊಂದು ಯಾಕ, ಮೂವತ್ತೂ ದಿನ ಇರ್ಲಿ ಅಂತಾರ."

"ಮನ್ಮಥಪ್ಪ ಏನಂತಾನ?"

"ಹೂಂ ಅಂತಾನ್ರಿ," ಎಂದಳು ರಂಭಾ. ಅವಳ ಕಣ್ಣಲ್ಲಿ ನೀರು ಬಂದಿತ್ತು, ನಗುವೂ ಬಂದಿತ್ತು. "ಉಳದ ಹತ್ತೊಂಬತ್ತು ದಿನ ಬಿಡಿಸಿ ಕೊಡ್ರಿ ಅಮ್ನೋರ."

ಸುಮಿತ್ರಾಬಾಯಿ ಸೆರಗು ಸರಿಮಾಡಿಕೊಂಡು ಹೊರಟಳು. ದಾರಿಯುದ್ದಕ್ಕೂ ಒಂದು ಒಳ್ಳೆಯ ಸುಳ್ಳು ಕಟ್ಟುತ್ತ ನಡೆದಳು. ನೇಮಕ್ಕೆ ಮಂಗಳ ಎಂದು ಇರುತ್ತದೆ, ನೇಮ ಮುಗಿದ ಮೇಲೆ ಗಂಡ ಹೆಂಡತಿ ಒಂದು ಕೋಣೆಯಲ್ಲಿ ಇರದಿದ್ದರೆ ಮಾಡಿದ ಫಲವೆಲ್ಲ ಹೋಗುತ್ತದೆ. ಶೇವಂತಾಬಾಯಿಯ ಪಡಸಾಲೆ ಹತ್ತುವಾಗ ಅದು ಬಾಯಲ್ಲಿ ಸಿದ್ಧವಾಗಿತ್ತು. ಮುದುಕಿ ಬೀಸುಕಲ್ಲು ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಳು.

"ಇದು ಅಯ್ನೋರ ಹೇಳ್ಯಾರೋ, ನೀವ ಹೇಳ್ತೀರೋ?"

ಕಟ್ಟಿ ತಂದ ಸುಳ್ಳನ್ನು ಸುಮಿತ್ರಾಬಾಯಿ ಅಲ್ಲೇ ಬಿಟ್ಟಳು.

"ರಂಭಾ ಹೇಳ್ಯಾಳ."

ಶೇವಂತಾಬಾಯಿ ಅವಳ ಮುಖವನ್ನೇ ನೋಡಿದಳು. ತುಟಿ ಬಿಗಿ ಹಿಡಿದಿದ್ದರೂ ಮೂಗು ಅರಳಿತು. ಮೊಣಕಾಲು ಹಿಡಿದುಕೊಂಡು ಎದ್ದು, ಕೊಟ್ಟಿಗೆಗೆ ಹೋಗಿ ಮಗನ ಹಾಸಿಗೆಯ ಸುರುಳಿಯನ್ನು ಬಗಲಲ್ಲಿ ಹಿಡಿದು ಬಂದು, ಅದಕ್ಕೆ ಹತ್ತಿದ ಹುಲ್ಲು ಝಾಡಿಸುತ್ತ ಒಳಕೋಣೆಯ ಕಡೆ ನಡೆದಳು.

"ಹತ್ತೊಂಬತ್ತರ ಮ್ಯಾಲ ಒಂದ್ ದಿನ ಹೆಚ್ಚಾದ್ರ," ಎಂದಳು ಹಿಂತಿರುಗದೆ, "ನಿಮಗ ಕೇಳ್ತೀನಿ ನೋಡ್ರಿ."